ಕಾಗೆಬಂಗಾರ ಮತ್ತು ಬೇಗಡೆ

ಮೈಸೂರಿನ ಲಷ್ಕರ್ ಮೊಹಲ್ಲಾದಲ್ಲಿ, ಚರ್ಚಿನ ಹಿಂದಿನ ಬೀದಿಯಲ್ಲಿ, ಸವರಿಯಪ್ಪನ ರಿಪೇರಿ ಅಂಗಡಿ ಇತ್ತು. ಅಂಗಡಿ ಎಂದರೆ ಮನೆಯ ಜಗಲಿ, ಅಷ್ಟೆ. ಸೈಕಲ್ಲು, ಬೀಗ, ಹೊಲಿಗೆ ಮಿಷನ್ನು, ಸೀಮೆಎಣ್ಣೆ ಸ್ಟೌ, ಕೆಟ್ಟದ್ದೆಲ್ಲ ಆ ಜಗಲಿ ಹತ್ತುತ್ತಿತ್ತು. ಸವರಿಯಪ್ಪನಿಗೆ ಎರಡೂ ಕಿವಿ ಕೇಳುತ್ತಿರಲಿಲ್ಲ. ಹನ್ನೊಂದನೆಯ ವಯಸ್ಸಿನಲ್ಲಿ ಬಂದ ವಿಷಮಜ್ವರ ಇಪ್ಪತ್ತೊಂದು ದಿನ ಕಾಡಿ, ಬಿಟ್ಟು ಹೋಗುವಾಗ ಕಿವಿಗಳನ್ನು ತೆಗೆದುಕೊಂಡು ಹೋಗಿತ್ತು. ಮಾತು ಮಾತ್ರ ಉಳಿದಿತ್ತು. ಆದರೆ ತನ್ನ ದನಿ ತನಗೇ ಕೇಳದ್ದರಿಂದ ಎಷ್ಟು ಜೋರಾಗಿ ಆಡಬೇಕೆಂಬ ಅಂದಾಜು ಅವನಿಗಿರಲಿಲ್ಲ. ಭಾನುವಾರದ ಪೂಜೆಯಲ್ಲಿ ಎಲ್ಲರೂ ಪಿಸುದನಿಯಲ್ಲಿ ಜಪ ಹೇಳುವಾಗ ಅವನದು ಮಾತ್ರ ಸಂತೆಯ ದನಿಯಲ್ಲಿ ಹೊರಡುತ್ತಿತ್ತು. ಹೆಂಗಸರ ಸಾಲಿನಲ್ಲಿ ಕೂತ ಹೆಂಡತಿ ಅಮಲಮೇರಿ ತಿರುಗಿ ನೋಡಿ, ಅಂಗೈಯನ್ನು ಮೆಲ್ಲಗೆ ಕೆಳಕ್ಕೆ ಇಳಿಸಿ ತೋರಿಸುವಳು. ಅವನು ದನಿ ತಗ್ಗಿಸುವನು.

ಅಮಲಮೇರಿಯದು ಕಾಗದದ ಹೂವಿನ ಕೆಲಸ. ಚರ್ಚಿನ ಸ್ವರೂಪಗಳೆನ್ನುವ ವಿಗ್ರಹಗಳಿಗೆ, ಮದುವೆ ಮನೆಗಳಿಗೆ, ದೇವರಾಜ ಮಾರುಕಟ್ಟೆಯ ಹೂವಿನವರಿಗೆ ಅವಳು ಹಾರ ಕಟ್ಟಿ ಕೊಡುತ್ತಿದ್ದಳು. ಹಾರದ ನಡುನಡುವೆ ಮಿನುಗುವ ತೆಳ್ಳನೆಯ ತವರದ ಹಾಳೆಗೆ ಬೇಗಡೆ ಎನ್ನುತ್ತಾರಲ್ಲ, ಅದನ್ನು ಕತ್ತರಿಸುವುದರಲ್ಲಿ ಅವಳನ್ನು ಮೀರಿಸುವವರು ಊರಲ್ಲಿ ಇರಲಿಲ್ಲ. ಉಸಿರು ಬಿಟ್ಟರೆ ಹಾರಿಹೋಗುವ ಹಾಳೆ ಅವಳ ಬೆರಳಿಗೆ ಮಾತ್ರ ಅಲುಗದೆ ಕೂರುತ್ತಿತ್ತು.

ಗಂಡ ಹೆಂಡಿರ ಮಾತು ನಡೆಯುತ್ತಿದ್ದದ್ದು ಮುಖ ನೋಡಿಕೊಂಡು. ಅವಳ ತುಟಿ ಆಡಿದ್ದು ಅವನಿಗೆ ತಿಳಿಯುತ್ತಿತ್ತು. ಹೊಸ ಪದ ಬಂದರೆ ಅವಳು ಅವನ ಅಂಗೈ ಮೇಲೆ ಬೆರಳಲ್ಲಿ ಬರೆಯುತ್ತಿದ್ದಳು.

ಮದುವೆಗೆ ಮುಂಚಿನಿಂದಲೂ ಸವರಿಯಪ್ಪ ಮಂಡಿ ಮೊಹಲ್ಲಾದಲ್ಲಿ ಸದಾಶಿವಯ್ಯ ಎಂಬುವರ ಅಕ್ಕಿ ಗಿರಣಿಯಲ್ಲಿ ಒಂಬತ್ತು ವರ್ಷ ಕೆಲಸ ಮಾಡಿದ್ದ. ಅಲ್ಲಿ ಎಣ್ಣೆಯ ಇಂಜಿನ್ನೊಂದಿತ್ತು. ಅದರ ಸದ್ದಿಗೆ ಮಿಕ್ಕವರು ಕಿವಿಗೆ ಹತ್ತಿ ತುರುಕಿಕೊಳ್ಳುತ್ತಿದ್ದರೆ ಅವನಿಗೆ ಆ ತಾಪತ್ರಯವೇ ಇರಲಿಲ್ಲ. ಇಂಜಿನ್ನಿನ ಬುಡದ ಕಬ್ಬಿಣದ ಮೇಲೆ ಅಂಗೈ ಇಟ್ಟು ನಿಂತರೆ ಒಳಗಿನ ಒಂದೊಂದು ಪೆಟ್ಟೂ ಅವನ ಮೊಳಕೈಯವರೆಗೆ ಬರುತ್ತಿತ್ತು. ನಾಡಿ ಹಿಡಿದ ಹಾಗೆ. ಒಂದು ಪೆಟ್ಟು ತಪ್ಪಿದರೆ ಗೊತ್ತಾಗುತ್ತಿತ್ತು. ಒಮ್ಮೆ ಮದರಾಸಿನಿಂದ ಬಂದ ಫಿಟ್ಟರನೊಬ್ಬ ಆ ಇಂಜಿನ್ನಿನ ಮ್ಯಾಗ್ನೆಟೊ ಬಿಚ್ಚಿ, ಪಕ್ಕದಲ್ಲಿ ನಿಂತಿದ್ದ ಈ ಕಿವುಡನ ಕುತೂಹಲ ಕಂಡು, ಒಂದೊಂದು ಭಾಗವನ್ನೂ ಕೈಗೆ ಕೊಟ್ಟು ತೋರಿಸಿದ್ದ. ಮ್ಯಾಗ್ನೆಟೊ ಎಂದರೆ ಇಂಜಿನ್ನಿಗೆ ಕಿಡಿ ಹುಟ್ಟಿಸಿ ಕೊಡುವ ಪೆಟ್ಟಿಗೆ. ಒಳಗೆ ಕಾಂತದ ನಡುವೆ ತಂತಿಯ ಸುರುಳಿ ತಿರುಗುತ್ತದೆ. ಅಲ್ಲಿ ಹುಟ್ಟಿದ ಕರೆಂಟು ಪ್ಲಗ್ಗಿನ ತುದಿಯಲ್ಲಿ ಕಿಡಿಯಾಗಿ ಹಾರಿ ಎಣ್ಣೆಯ ಆವಿಗೆ ಬೆಂಕಿ ಹಚ್ಚುತ್ತದೆ. ಮಾತಿಲ್ಲದೆ ನಡೆದ ಆ ಒಂದು ದಿನದ ಪಾಠ ಸವರಿಯಪ್ಪನ ತಲೆಯಲ್ಲಿ ಹಾಗೇ ನಿಂತಿತು. ಮುಂದೆ ಗಿರಣಿಗೆ ವಿದ್ಯುತ್ ಮೋಟಾರು ಬಂತು, ಇಂಜಿನ್ನು ಹೋಯಿತು, ಅದರ ಜೊತೆಗೆ ಅವನ ಕೆಲಸವೂ ಹೋಯಿತು. ಜಗಲಿಯ ಅಂಗಡಿ ಶುರುವಾದದ್ದು ಆಮೇಲೆ.

ಸಾವಿರದ ಒಂಬೈನೂರ ಇಪ್ಪತ್ತೊಂಬತ್ತನೆಯ ಇಸವಿ. ಶಿವರಾತ್ರಿ ಕಳೆದು ಬಿಸಿಲು ಬಲಿಯುತ್ತಿತ್ತು. ಒಂದು ಸೋಮವಾರ ಬೆಳಿಗ್ಗೆ ಅಂಗಡಿಯ ಮುಂದೆ ಮೋಟಾರ್ ಸೈಕಲ್ಲೊಂದು ಬಂದು ನಿಂತಿತು. ಇಳಿದವನು ದನದ ಡಾಕ್ಟರು ಗುರುಮಲ್ಲಪ್ಪ. ಮೂವತ್ತು ದಾಟಿದ ವಯಸ್ಸು, ಹಣೆಯ ಮೇಲೆ ವಿಭೂತಿ, ಮೊಳಕಾಲವರೆಗೂ ಧೂಳು. ಕೈಯಲ್ಲೊಂದು ಚಿಕ್ಕ ಸ್ಟೌ. ಹಳ್ಳಿಗಳಿಗೆ ಹೋದಾಗ ಚುಚ್ಚುಮದ್ದಿನ ಸೂಜಿಗಳನ್ನು ಕುದಿಸಲು ಅದು ಬೇಕಾಗಿತ್ತು.

"ಇದು ಉರೀತಾ ಇಲ್ಲ. ಇವತ್ತೇ ಆಗ್ಬೇಕು ಕಣಪ್ಪ," ಎಂದ.

ಸವರಿಯಪ್ಪ ಸ್ಟೌ ಕೈಗೆ ತೆಗೆದುಕೊಂಡ, ಆದರೆ ಅವನ ಕಣ್ಣು ಮೋಟಾರ್ ಸೈಕಲ್ಲಿನ ಮೇಲಿತ್ತು. ಇಂಜಿನ್ನು ಇನ್ನೂ ನಡೆಯುತ್ತಲೇ ಇತ್ತು. ಅವನು ಜಗಲಿ ಇಳಿದು, ಕೇಳದೆಯೇ, ಪೆಟ್ರೋಲ್ ಟ್ಯಾಂಕಿನ ಕೆಳಗಿನ ಚೌಕಟ್ಟಿನ ಕೊಳವೆಯ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದ.

"ತಪ್ತಾ ಅದೆ," ಎಂದ, ಬೀದಿಗೆಲ್ಲ ಕೇಳುವ ಹಾಗೆ. "ಎಂಟು ಒಂಬತ್ತಕ್ಕೆ ಒಂದು ಪೆಟ್ಟು ತಪ್ತಾ ಅದೆ ಸ್ವಾಮಿ."

ಗುರುಮಲ್ಲಪ್ಪ ದಂಗಾದ. ಆ ಗಾಡಿ ಅವನ ಜೀವ ತಿಂದಿತ್ತು. ಬೆಳಿಗ್ಗೆ ಒಂದೇ ಒದೆತಕ್ಕೆ ಶುರುವಾಗುವುದು, ಏಳೆಂಟು ಮೈಲಿ ಚೆನ್ನಾಗಿ ಓಡುವುದು. ಕಡಕೊಳದ ಹತ್ತಿರ ಬಂದೊಡನೆ ಕೆಮ್ಮಿ, ಮುಗ್ಗರಿಸಿ, ನಿಂತೇ ಬಿಡುವುದು. ಅರ್ಧ ಗಂಟೆ ಮರದ ಕೆಳಗೆ ಕೂತರೆ ಏನೂ ಆಗದ ಹಾಗೆ ಮತ್ತೆ ಶುರು. ನಗರದಲ್ಲೇ ಹೆಸರಾದ ಮೆಕ್ಯಾನಿಕ್ಕು ದೊರೆಸ್ವಾಮಿ ಮೂರು ಸಲ ನೋಡಿದ್ದ. ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೂ ಹಿಡಿಯನ್ನು ಕಿವಿಗೂ ಒತ್ತಿ ಕೇಳಿ ರೋಗ ಹೇಳುವವನು ಅವನು. ಕಾರ್ಬೊರೇಟರ್ ತೊಳೆದ, ಪ್ಲಗ್ಗು ಬದಲಿಸಿದ, ಟ್ಯಾಂಕು ಬಸಿದ. ಪ್ರತಿ ಸಲವೂ ಅರಮನೆಯ ಸುತ್ತ ಒಂದು ಸುತ್ತು ಹೊಡೆದು, "ಏನೂ ತೊಂದ್ರೆ ಇಲ್ಲ ಡಾಕ್ಟ್ರೇ," ಎಂದು ಕೊಟ್ಟಿದ್ದ. ಅರಮನೆಯ ಸುತ್ತ ಎಂಟು ಮೈಲಿ ಎಲ್ಲಿಂದ ಬರಬೇಕು!

ಇಷ್ಟೇ ಆಗಿದ್ದರೆ ಗುರುಮಲ್ಲಪ್ಪ ಸಹಿಸುತ್ತಿದ್ದ. ಆದರೆ ನಂಜನಗೂಡಿನಾಚೆ ಕೆಂಪನಹುಂಡಿ ಎಂಬ ಹಳ್ಳಿಗೆ ದನಗಳ ದೊಡ್ಡರೋಗ ಕಾಲಿಟ್ಟಿತ್ತು. ಹಿಂದಿನ ಶುಕ್ರವಾರ ಆ ರೋಗ ತಡೆಯುವ ಸೀರಂ ಬಾಟಲಿಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಕಟ್ಟಿಕೊಂಡು ಹೊರಟವನು ದಾರಿಯಲ್ಲಿ ಮೂರು ಸಲ ನಿಂತು, ಊರು ಮುಟ್ಟುವಾಗ ಹೊತ್ತು ಇಳಿದಿತ್ತು. ಚಾಮಯ್ಯ ಎಂಬ ರೈತನ ಹಸು ಅವನ ಕಣ್ಣೆದುರೇ ಕಾಲು ಚಾಚಿತು. "ಮಧ್ಯಾಹ್ನ ಬಂದಿದ್ರೆ ಉಳೀತಿತ್ತಾ ಬುದ್ಧಿ?" ಎಂದು ಚಾಮಯ್ಯ ಕೇಳಿದ. ಬರುವ ಶನಿವಾರ ಬೆಂಗಳೂರಿನಿಂದ ಹೊಸ ಸೀರಂ ಬರುವುದಿತ್ತು. ಊರಲ್ಲಿ ಇನ್ನೂ ನೂರನಲವತ್ತು ರಾಸು ಉಳಿದಿದ್ದವು.

ಇದನ್ನೆಲ್ಲ ಅವನು ಅಮಲಮೇರಿಗೆ ಹೇಳಿದ. ಅವಳು ಗಂಡನಿಗೆ ಮುಖಾಮುಖಿ ತಿಳಿಸಿದಳು. 'ಕಡಕೊಳ' ಎಂಬುದನ್ನು ಅಂಗೈ ಮೇಲೆ ಬರೆದಳು.

"ತಣ್ಣಗಾದ್ರೆ ನಡೀತದಾ?" ಎಂದು ಸವರಿಯಪ್ಪ ಕೇಳಿದ.

ಗುರುಮಲ್ಲಪ್ಪ ತಲೆಯಾಡಿಸಿದ.

"ಹಂಗಾದ್ರೆ ನಾಳೆ ನಾನೂ ಬತ್ತೀನಿ. ಅದು ಎಲ್ಲಿ ನಿಲ್ತದೋ ಅಲ್ಲೇ ಕೇಳ್ಬೇಕು."

ಕೇಳುವುದು ಎಂಬ ಮಾತು ಅವನ ಬಾಯಲ್ಲಿ ಬಂದದ್ದಕ್ಕೆ ಗುರುಮಲ್ಲಪ್ಪ ಅಮಲಮೇರಿಯ ಮುಖ ನೋಡಿದ. "ಅವ್ರು ಹಂಗೇ ಅನ್ನೋದು ಕಣ್ರೀ," ಎಂದಳು ಅವಳು. "ಕರ್ಕೊಂಡ್ ಹೋಗಿ. ನಿಮಗೇ ಗೊತ್ತಾಗುತ್ತೆ."

ಮರುದಿನ ಬೆಳಿಗ್ಗೆ ಇಬ್ಬರೂ ನಂಜನಗೂಡು ರಸ್ತೆ ಹಿಡಿದರು. ಸವರಿಯಪ್ಪ ಹಿಂದಿನ ಕ್ಯಾರಿಯರ್ ಮೇಲೆ ಗೋಣಿ ಹಾಕಿ ಕೂತು ಒಂದು ಕೈಯಲ್ಲಿ ಗಾಡಿಯ ಚೌಕಟ್ಟನ್ನು ಹಿಡಿದಿದ್ದ. ಚಾಮುಂಡಿ ಬೆಟ್ಟ ಎಡಕ್ಕೆ ಸರಿಯಿತು. ಐದನೆಯ ಮೈಲಿಗಲ್ಲಿನ ಹತ್ತಿರ ಅವನು ಡಾಕ್ಟರ ಬೆನ್ನು ತಟ್ಟಿದ. "ಶುರುವಾಯ್ತು!" ಎಂದು ಕೂಗಿದ. ಗುರುಮಲ್ಲಪ್ಪನ ಕಿವಿಗೆ ಏನೂ ವ್ಯತ್ಯಾಸ ತಿಳಿಯಲಿಲ್ಲ. ಮುಂದಿನ ಮೈಲಿಯಲ್ಲಿ ಅವನಿಗೂ ಕೇಳಿಸಿತು. ಅದರ ಮುಂದಿನದರಲ್ಲಿ ಗಾಡಿ ನಿಂತಿತು.

ಸವರಿಯಪ್ಪ ಚಂಗನೆ ಇಳಿದ. ಮೊದಲು ಕಾರ್ಬೊರೇಟರಿನ ಕೊಳವೆ ಕಳಚಿದ. ಪೆಟ್ರೋಲು ಧಾರಾಳವಾಗಿ ಸುರಿಯಿತು. "ಇವನ ತಪ್ಪಿಲ್ಲ," ಎಂದು ಮತ್ತೆ ಜೋಡಿಸಿದ. ಆಮೇಲೆ ಪ್ಲಗ್ಗು ಬಿಚ್ಚಿ, ಅದರ ತಂತಿಯನ್ನು ಬಿಡಿಸದೆ, ಇಂಜಿನ್ನಿನ ತಲೆಯ ಮೇಲೆ ಒರಗಿಸಿಟ್ಟು, "ಒದೀರಿ ಸ್ವಾಮಿ," ಎಂದ. ಗುರುಮಲ್ಲಪ್ಪ ಒದ್ದ. ಪ್ಲಗ್ಗಿನ ತುದಿಯಲ್ಲಿ ಕೆಂಪಗೆ, ಸಾಯುವ ಕಡ್ಡಿಯ ಹಾಗೆ, ಒಂದು ಕಿಡಿ ಬಂದು ಹೋಯಿತು. ಎರಡನೆಯ ಸಲ ಅದೂ ಬರಲಿಲ್ಲ. ಜೇಬಿನಿಂದ ಹೊಸ ಪ್ಲಗ್ಗು ತೆಗೆದು ಹಾಕಿದ, ಅದೇ ಕೆಂಪು. ತಂತಿಯನ್ನೇ ಬದಲಿಸಿದ, ಆಗಲೂ ಅದೇ. ಇಬ್ಬರೂ ಹೊಂಗೆ ಮರದ ಕೆಳಗೆ ಕೂತು ಅಮಲಮೇರಿ ಕಟ್ಟಿಕೊಟ್ಟಿದ್ದ ರೊಟ್ಟಿ ತಿಂದರು. ಇಂಜಿನ್ನು ತಣ್ಣಗಾಯಿತು. ಮತ್ತೆ ಒದ್ದಾಗ ಹಳೆಯ ಪ್ಲಗ್ಗಿನಲ್ಲೇ, ಹಳೆಯ ತಂತಿಯಲ್ಲೇ, ನೀಲಿಯ ಕಿಡಿ ಚಟ್ಟೆಂದು ಹಾರಿತು.

ಸವರಿಯಪ್ಪ ಮ್ಯಾಗ್ನೆಟೊದ ಮೇಲೆ ಬೆರಳಿಟ್ಟ. "ಕಳ್ಳ ಇಲ್ಲೇ ಅವ್ನೆ. ಬಿಸಿಯಾದ್ರೆ ಸಾಯ್ತಾನೆ, ತಣ್ಣಗಾದ್ರೆ ಏಳ್ತಾನೆ."

ಊರಿಗೆ ಹಿಂದಿರುಗಿದವನೇ ಗುರುಮಲ್ಲಪ್ಪ ದೊರೆಸ್ವಾಮಿಯ ಗ್ಯಾರೇಜಿಗೆ ಹೋಗಿ ವಿಷಯ ತಿಳಿಸಿದ. ದೊರೆಸ್ವಾಮಿ ಕೆಟ್ಟವನಲ್ಲ, ಆದರೆ ಹೆಸರುಳ್ಳ ಕೆಲಸಗಾರ. ಅವನಿಗೆ ಕೆಣಕಿದ ಹಾಗಾಯಿತು.

"ಡಾಕ್ಟ್ರೇ, ಇಂಜಿನ್ ಕೆಲ್ಸ ಅಂದ್ರೆ ಕಿವಿ ಕೆಲ್ಸ. ಕಿವೀನೇ ಇಲ್ದವನ ಮಾತು ಕೇಳಿ ಮ್ಯಾಗ್ನೆಟೊ ಬಿಚ್ಚಿಸ್ಬೇಡಿ. ಅದು ಕೆಟ್ಟಿದ್ರೆ ವಿಲಾಯ್ತಿಯಿಂದ ಹೊಸದೇ ತರಿಸ್ಬೇಕು. ಹಡಗಲ್ಲಿ ಬರೋಕೆ ಮೂರು ತಿಂಗಳು."

"ಮೂರು ತಿಂಗಳಿಗೆ ನನ್ನ ದನ ಉಳಿಯಲ್ಲಪ್ಪ," ಎಂದ ಗುರುಮಲ್ಲಪ್ಪ.

"ಬಿಸಿಗೇ ಕೆಡುತ್ತೆ ಅಂತ ಅವನಿಗೇನು ಗೊತ್ತು? ಅಲ್ಲಾಡಿ ಅಲ್ಲಾಡಿ ಏನೋ ಸಡಿಲ ಆಗಿರ್ಬೋದು. ಪೆಟ್ರೋಲೇ ಬಿಸಿಗೆ ಆವಿಯಾಗ್ತಿರ್ಬೋದು. ತೋರಿಸ್ಲಿ, ಒಪ್ಕೋತೀನಿ."

ಈ ಮಾತು ಸವರಿಯಪ್ಪನಿಗೆ ತಲುಪಿದಾಗ ಅವನು ಬೇಸರ ಮಾಡಿಕೊಳ್ಳಲಿಲ್ಲ. ಪ್ರಶ್ನೆ ನ್ಯಾಯವಾದದ್ದೇ ಎನ್ನಿಸಿತು. ಓಡಿದರೆ ಇಂಜಿನ್ನೂ ಬಿಸಿಯಾಗುತ್ತದೆ, ಮ್ಯಾಗ್ನೆಟೊವೂ ಬಿಸಿಯಾಗುತ್ತದೆ, ಎಲ್ಲವೂ ಅಲ್ಲಾಡುತ್ತದೆ. ಮೂರರಲ್ಲಿ ಒಂದನ್ನು ಬೇರೆ ಮಾಡಿ ತೋರಿಸುವುದು ಹೇಗೆ? ಊಟದ ಹೊತ್ತಿನಲ್ಲಿ ಹೆಂಡತಿಯ ಮುಂದೆ ಇದನ್ನೇ ಹೇಳಿಕೊಂಡ.

ಅಮಲಮೇರಿ ಅನ್ನ ಬಡಿಸುತ್ತಿದ್ದವಳು ಸೌಟು ಕೆಳಗಿಟ್ಟಳು. "ಅದೊಂದಕ್ಕೇ ಶಾಖ ಕೊಡಿ," ಎಂದಳು. ಬಾಣಂತಿಯ ಸೊಂಟಕ್ಕೆ ಮರಳು ಹುರಿದು ಬಟ್ಟೆಯಲ್ಲಿ ಕಟ್ಟಿ ಶಾಖ ಕೊಡುವುದನ್ನು ಕೈಯಲ್ಲೇ ಅಭಿನಯಿಸಿ ತೋರಿಸಿದಳು. "ಗಾಡಿ ನಿಂತೇ ಇರ್ಲಿ, ಇಂಜಿನ್ ತಣ್ಣಗೇ ಇರ್ಲಿ. ಆ ಪೆಟ್ಟಿಗೆಗೆ ಮಾತ್ರ ಬಿಸಿ ಮುಟ್ಟಲಿ."

ಸವರಿಯಪ್ಪ ಅವಳನ್ನೇ ನೋಡಿದ. ಆಮೇಲೆ ಎಂಜಲು ಕೈಯಲ್ಲೇ ಎದ್ದು ನಿಂತ.

ಬುಧವಾರ ಬೆಳಿಗ್ಗೆ ಜಗಲಿಯ ಮುಂದೆ ಹತ್ತಿಪ್ಪತ್ತು ಜನ ಸೇರಿದ್ದರು. ದೊರೆಸ್ವಾಮಿ ತೋಳು ಕಟ್ಟಿ ನಿಂತಿದ್ದ. ತಣ್ಣಗಿದ್ದ ಗಾಡಿಯನ್ನು ಗುರುಮಲ್ಲಪ್ಪ ಒದ್ದ. ಒಂದೇ ಒದೆತಕ್ಕೆ ಶುರುವಾಯಿತು. ತಕ್ಷಣ ನಿಲ್ಲಿಸಿದರು. ಅಮಲಮೇರಿ ಒಳಗಿನಿಂದ ಬಿಸಿ ಮರಳಿನ ಗಂಟು ತಂದಳು. ಅದನ್ನು ತನ್ನ ಮುಂಗೈಗೆ ಒತ್ತಿ ನೋಡಿ, "ಸಾಕು, ಸುಡಲ್ಲ," ಎಂದು ಕೊಟ್ಟಳು. ಸವರಿಯಪ್ಪ ಅದನ್ನು ಮ್ಯಾಗ್ನೆಟೊಕ್ಕೆ ಸುತ್ತಿ ಕಟ್ಟಿದ. ಆರಿದ ಹಾಗೆ ಇನ್ನೊಂದು, ಮತ್ತೊಂದು. ಇಪ್ಪತ್ತು ನಿಮಿಷ ಕಳೆಯಿತು. ಸವರಿಯಪ್ಪ ದೊರೆಸ್ವಾಮಿಯ ಕೈ ಹಿಡಿದು ಇಂಜಿನ್ನಿನ ಮೇಲಿಟ್ಟ. ಅದು ತಣ್ಣಗಿತ್ತು. ಗಾಡಿ ನಿಂತ ಜಾಗದಿಂದ ಒಂದಂಗುಲವೂ ಸರಿದಿರಲಿಲ್ಲ.

"ಈಗ ಒದೀರಿ."

ಗುರುಮಲ್ಲಪ್ಪ ಒದ್ದ. ಏನೂ ಇಲ್ಲ. ಮತ್ತೆ ಒದ್ದ. ಒಂದು ಕೆಮ್ಮು. ಬೆವರು ಇಳಿಯುವವರೆಗೆ ಒದ್ದರೂ ಗಾಡಿ ಏಳಲಿಲ್ಲ. ಗಂಟು ಬಿಚ್ಚಿ, ಒದ್ದೆ ಬಟ್ಟೆ ಹಾಕಿ ತಣಿಸಿ ಒದ್ದಾಗ ಒಂದೇ ಏಟಿಗೆ ಗುಡುಗಿತು.

ಜನ ಹೋ ಎಂದರು. ಸವರಿಯಪ್ಪನಿಗೆ ಅದು ಕೇಳಲಿಲ್ಲ. ಅವನು ದೊರೆಸ್ವಾಮಿಯ ಮುಖ ನೋಡುತ್ತಿದ್ದ. ದೊರೆಸ್ವಾಮಿ ಕಟ್ಟಿದ್ದ ತೋಳು ಬಿಚ್ಚಿ, "ಒಪ್ಪಿದೆ," ಎಂದ. ತುಟಿ ಸ್ಪಷ್ಟವಾಗಿ ಕಾಣುವ ಹಾಗೆ ಇನ್ನೊಮ್ಮೆ ಹೇಳಿದ. "ಆದ್ರೆ ಒಳಗೆ ಯಾವ್ದು? ಅಲ್ಲಿ ಸಾವಿರಾರು ಸುತ್ತು ತಂತಿ ಅದೆ. ತಂತಿ ಹೋಗಿದ್ರೆ ಇಲ್ಲಿ ಯಾರೂ ಏನೂ ಮಾಡಕ್ಕಾಗಲ್ಲ."

ಅದನ್ನು ನೋಡಲು ಕತ್ತಲೆ ಬೇಕಾಗಿತ್ತು. ಪೆಟ್ರೋಲಿನ ನಲ್ಲಿ ಬಂದ್ ಮಾಡಿ, ಹಾಡುಹಗಲಲ್ಲೇ ಇಬ್ಬರು ಗಂಡಸರು ಒಂದು ಕಂಬಳಿ ಹೊದ್ದುಕೊಂಡು ಮ್ಯಾಗ್ನೆಟೊದ ಪಕ್ಕ ಕುಕ್ಕರಿಸಿದರು. ಹೊರಗಿನಿಂದ ಗುರುಮಲ್ಲಪ್ಪ ಒದೆಯುತ್ತಿದ್ದ. ಬೀದಿಯ ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು. ಕಂಬಳಿಯೊಳಗೆ, ಮುಚ್ಚಳ ತೆಗೆದ ಮ್ಯಾಗ್ನೆಟೊದಲ್ಲಿ, ಕೂಡಿ ಬಿಡುವ ಎರಡು ಪುಟ್ಟ ಲೋಹದ ತುದಿಗಳಿದ್ದವು. ಅವು ಬಿಟ್ಟುಕೊಂಡ ಗಳಿಗೆಯಲ್ಲೇ ಪ್ಲಗ್ಗಿಗೆ ಕಿಡಿ ಹೋಗಬೇಕು. ತಣ್ಣಗಿದ್ದಾಗ ಆ ತುದಿಗಳ ನಡುವೆ ಸೂಜಿಮೊನೆಯಷ್ಟು ಮಿನುಗು ಕಂಡಿತು. ಮರಳಿನ ಗಂಟು ಕಟ್ಟಿ ಬಿಸಿ ಮಾಡಿದಾಗ ಅಲ್ಲೇ ಝಗ್ಗೆಂದು ದೊಡ್ಡ ಕಿಡಿ ಹಾರಿತು.

ಕಂಬಳಿಯಿಂದ ಹೊರಬಂದಾಗ ಸವರಿಯಪ್ಪನ ಮುಖ ಬೆಳಗುತ್ತಿತ್ತು. "ತಂತಿ ಚೆನ್ನಾಗದೆ! ತಂತಿ ಹೋಗಿದ್ರೆ ಅಲ್ಲಿ ಅಷ್ಟು ಬೆಂಕಿ ಎಲ್ಲಿಂದ ಬರ್ಬೇಕು? ಪ್ಲಗ್ಗಿಗೆ ಹೋಗ್ಬೇಕಾದ ಕಿಡಿ ದಾರೀಲೇ ಸೋರಿ ಹೋಯ್ತಾ ಅದೆ. ಅದನ್ನ ತಡೆಯೋದು ಕಂಡೆನ್ಸರು. ಹೋಗಿರೋದು ಅದೊಂದೇ."

ಕಂಡೆನ್ಸರು ಎಂದರೇನೆಂದು ಮದರಾಸಿನ ಫಿಟ್ಟರ ಅವನ ಅಂಗೈಯಲ್ಲೇ ಬಿಚ್ಚಿ ತೋರಿಸಿದ್ದ. ಲೋಹದ ಒಂದು ತೆಳು ಹಾಳೆ, ಅದರ ಮೇಲೆ ಕಾಗೆಬಂಗಾರದ, ಅಂದರೆ ಅಭ್ರಕದ, ಒಂದು ಪದರ, ಮತ್ತೆ ಹಾಳೆ, ಮತ್ತೆ ಪದರ, ಹೀಗೆ ಪುಸ್ತಕದ ಎಲೆಗಳಂತೆ. ಹಾಳೆಗಳು ಒಂದನ್ನೊಂದು ಮುಟ್ಟದ ಹಾಗೆ ಕಾಯುವುದು ಕಾಗೆಬಂಗಾರ.

ಅಂದು ಮಧ್ಯಾಹ್ನ ಅವನು ಕಾಂತದ ಬಲ ಕುಂದದಂತೆ ಅದರ ಕಾಲುಗಳಿಗೆ ಅಡ್ಡಲಾಗಿ ಒಂದು ಕಬ್ಬಿಣದ ಪಟ್ಟಿ ಇಟ್ಟು, ಒಳಗಿನ ಸುರುಳಿಯನ್ನು ಹೊರತೆಗೆದ. ಅದರ ತುದಿಯ ಹಿತ್ತಾಳೆಯ ಮುಚ್ಚಳದ ಕೆಳಗೆ ಅರಗಿನಲ್ಲಿ ಹೂತ ಕಂಡೆನ್ಸರು ಇತ್ತು. ಎಲೆ ಎಲೆಯಾಗಿ ಬಿಡಿಸಿದಾಗ ಹತ್ತನೆಯ ಪದರದಲ್ಲಿ ಸಾಸಿವೆ ಕಾಳಿನಷ್ಟು ಕರಿಚುಕ್ಕೆ ಸಿಕ್ಕಿತು. ಕಿಡಿ ಕೊರೆದ ತೂತು. ಬಿಸಿಗೆ ಅರಗು ಮೆತ್ತಗಾದಾಗಲೆಲ್ಲ ಅಲ್ಲಿಂದ ಸೋರುತ್ತಿತ್ತು. ದೊರೆಸ್ವಾಮಿ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

"ಇಷ್ಟಕ್ಕಾ?" ಎಂದ.

ಇನ್ನು ಹೊಸದು ಮಾಡಬೇಕು. ಕಾಗೆಬಂಗಾರ ಸಿಕ್ಕಿದ್ದು ಸಯ್ಯಾಜಿರಾವ್ ರಸ್ತೆಯ ಗ್ರಂಥಿಗೆ ಅಂಗಡಿಯಲ್ಲಿ. ವೈದ್ಯರು ಭಸ್ಮ ಮಾಡಲು ಕೊಂಡೊಯ್ಯುವ ಅಭ್ರಕದ ಚಕ್ಕೆಗಳನ್ನು ಅಂಗಡಿಯ ನಂಜುಂಡಸ್ವಾಮಿ ಡಬ್ಬ ಸಮೇತ ಮುಂದಿಟ್ಟ. "ಯಾವ ಕಾಯಿಲೆಗೆ?" ಎಂದು ಕೇಳಿದ. "ಮೋಟಾರ್ ಸೈಕಲ್ಲಿಗೆ," ಎಂದು ಸವರಿಯಪ್ಪ ಗಟ್ಟಿಯಾಗಿ ಹೇಳಿದಾಗ ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅರಗು, ಸ್ಪಿರಿಟ್ಟು ಅಲ್ಲೇ ದೊರೆತವು.

ಲೋಹದ ಹಾಳೆ ಮನೆಯಲ್ಲೇ ಇತ್ತು. ಅಮಲಮೇರಿ ತನ್ನ ಪೆಟ್ಟಿಗೆ ತೆಗೆದು, ಬಣ್ಣದ ಬೇಗಡೆಗಳನ್ನೆಲ್ಲ ಸರಿಸಿ, ತಳದಿಂದ ಬಣ್ಣ ಹಾಕದ ಬಿಳಿ ಬೇಗಡೆಯ ಸುರುಳಿ ಹೊರತೆಗೆದಳು. ಈಸ್ಟರ್ ಹಬ್ಬಕ್ಕೆ ಚರ್ಚಿನ ದೇವದೂತರ ರೆಕ್ಕೆಗೆಂದು ತೆಗೆದಿಟ್ಟದ್ದು ಅದು. ಸವರಿಯಪ್ಪ ಬೇಡವೆಂದು ತಲೆಯಾಡಿಸಿದ.

"ದೇವದೂತ್ರು ಈ ಸಲ ಕಾಗದದ ರೆಕ್ಕೆ ಕಟ್ಕೋತಾರೆ ಬುಡಿ," ಎಂದಳು ಅವಳು. "ದನಗಳಿಗೆ ಕಾಯೋಕೆ ಆಗುತ್ತಾ?"

ಮೊದಲನೆಯದನ್ನು ಸವರಿಯಪ್ಪನೇ ಮಾಡಿದ. ಅವನ ಬೆರಳು ಕಬ್ಬಿಣಕ್ಕೆ ಪಳಗಿದ್ದವು. ಅಭ್ರಕದ ಚಕ್ಕೆ ಬಿಡಿಸಲು ಹೋದರೆ ಪುಡಿಯಾಗುತ್ತಿತ್ತು. ಹೇಗೋ ಮಾಡಿ ಮುಗಿಸಿ ಗುರುವಾರ ಜೋಡಿಸಿದ. ತಣ್ಣಗಿದ್ದಾಗಲೂ ಗಾಡಿ ಶುರುವಾಗಲಿಲ್ಲ. ಮೊದಲಿಗಿಂತ ಕಡೆಯಾಯಿತು. ಅವನು ಜಗಲಿಯ ಮೂಲೆಯಲ್ಲಿ ತಲೆ ಬಗ್ಗಿಸಿ ಕೂತುಬಿಟ್ಟ. ಇನ್ನೊಂದೇ ದಿನ ಉಳಿದಿತ್ತು.

ಅಮಲಮೇರಿ ಆ ಕಂಡೆನ್ಸರನ್ನು ಎತ್ತಿಕೊಂಡು ಬಾಗಿಲ ಬೆಳಕಿಗೆ ಹೋದಳು. ಹೂವಿನ ಎಸಳು ನೋಡುವ ಕಣ್ಣಿನಲ್ಲಿ ಅಂಚನ್ನೇ ನೋಡುತ್ತ ಬಂದಳು. ಒಂದು ಕಡೆ ಬೇಗಡೆಯ ಅಂಚು ಕಾಗೆಬಂಗಾರವನ್ನು ದಾಟಿ, ಮಡಚಿಕೊಂಡು, ಮೇಲಿನ ಹಾಳೆಯನ್ನು ಮುಟ್ಟಿತ್ತು. ಕೂದಲೆಳೆಯಷ್ಟು. ಅವಳು ಗಂಡನ ಮುಂದೆ ಕೂತು, ಅವನ ಗಲ್ಲ ಹಿಡಿದು ಮುಖ ಎತ್ತಿಸಿದಳು.

"ಲೆಕ್ಕ ಸರಿಯಾಗೇ ಅದೆ ಕಣ್ರೀ. ಕತ್ತರಿಸಿದ್ದು ಸರಿ ಇಲ್ಲ. ಇತ್ಲಾಗೆ ಕೊಡಿ, ಇದು ನನ್ನ ಕೆಲ್ಸ."

ಶುಕ್ರವಾರ ಇಡೀ ದಿನ ಆ ಮನೆಯಲ್ಲಿ ಬಾಗಿಲು ಕಿಟಕಿ ಹಾಕಿದ್ದವು, ಗಾಳಿ ಆಡಬಾರದೆಂದು. ಅಮಲಮೇರಿ ಸೂಜಿಯ ಮೊನೆಯಿಂದ ಕಾಗೆಬಂಗಾರವನ್ನು ಪದರ ಪದರವಾಗಿ ಸೀಳಿದಳು. ಒಂದೊಂದನ್ನೂ ಬಾಗಿಲ ಸಂದಿಯ ಬಿಸಿಲಿಗೆ ಹಿಡಿದು, ಬಿರುಕು ಕಂಡದ್ದನ್ನು ಸವರಿಯಪ್ಪ ಪಕ್ಕಕ್ಕೆ ಹಾಕಿದ. ಬೇಗಡೆಯನ್ನು ಅವಳು ಸುತ್ತಲೂ ಒಂದು ಗೋಧಿಯಗಲ ಕಾಗೆಬಂಗಾರದ ಅಂಚು ಉಳಿಯುವ ಹಾಗೆ ಕತ್ತರಿಸಿದಳು. ತಂತಿಗೆ ಸೇರಿಸಲು ಬಿಟ್ಟ ಬಾಲ ಒಂದು ಹಾಳೆಯದು ಎಡಕ್ಕೆ, ಮುಂದಿನದರದು ಬಲಕ್ಕೆ. ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗು ಸವರಿ, ಒತ್ತಿ, ಒಣಗಿಸಿ, ಸಂಜೆಯ ಹೊತ್ತಿಗೆ ಹೆಬ್ಬೆರಳಿನ ಉಗುರಿನಷ್ಟು ದಪ್ಪದ ಕಟ್ಟು ತಯಾರಾಯಿತು.

ಶನಿವಾರ ಏಳು ಗಂಟೆಗೆ ಪರೀಕ್ಷೆ. ಗಾಡಿ ಶುರುವಾಯಿತು. ಮರಳಿನ ಗಂಟು ಕಟ್ಟಿ ಇಪ್ಪತ್ತು ನಿಮಿಷ ಕಾದರು. ಗುರುಮಲ್ಲಪ್ಪ ಕಾಲೆತ್ತಿದ. ಒಂದೇ ಒದೆತ. ಇಂಜಿನ್ನು ಬೀದಿಯ ಎರಡೂ ಸಾಲಿನ ಗೋಡೆ ನಡುಗುವ ಹಾಗೆ ಎದ್ದಿತು. ಸವರಿಯಪ್ಪ ಅಂಗೈ ಇಟ್ಟ. ಕಣ್ಣು ಮುಚ್ಚಿದ. ಎಣಿಸಿದ. ನೂರಾದರೂ ಒಂದೂ ತಪ್ಪಲಿಲ್ಲ. ಅಮಲಮೇರಿಯ ಕೈ ಹಿಡಿದು ಅದೇ ಜಾಗದಲ್ಲಿಟ್ಟ. ಅವಳಿಗೆ ನಗುವೂ ಅಳುವೂ ಒಟ್ಟಿಗೆ ಬಂದವು.

"ಬನ್ನಿ ಹತ್ತಿ," ಎಂದ ಗುರುಮಲ್ಲಪ್ಪ. "ನಿಮ್ಮನ್ನ ಬಿಟ್ಟು ಹೋಗಲ್ಲ."

ರೈಲ್ವೆ ಸ್ಟೇಷನ್ನಿನಲ್ಲಿ ಸೀರಂ ಪೆಟ್ಟಿಗೆ ತೆಗೆದುಕೊಂಡು ಇಬ್ಬರೂ ಹೊರಟರು. ಐದನೆಯ ಮೈಲಿಗಲ್ಲು ಹೋಯಿತು. ಆರನೆಯದು ಹೋಯಿತು. ಅವರು ರೊಟ್ಟಿ ತಿಂದ ಹೊಂಗೆ ಮರದ ಪಕ್ಕದಲ್ಲಿ ಗುರುಮಲ್ಲಪ್ಪ ವೇಗ ಕಡಿಮೆ ಮಾಡುವ ಬದಲು ಹೆಚ್ಚಿಸಿದ. ಕಡಕೊಳದ ಸಂತೆಗೆ ಹೊರಟಿದ್ದ ಗಾಡಿಗಳು ಪಕ್ಕಕ್ಕೆ ಸರಿದವು. ಕಪಿಲೆಯ ಸೇತುವೆ ದಾಟಿದರು. ಹಿಂದೆ ಕೂತ ಸವರಿಯಪ್ಪ ಜೋರಾಗಿ ಹಾಡತೊಡಗಿದ್ದ. ಚರ್ಚಿನಲ್ಲಿ ಚಿಕ್ಕಂದಿನಲ್ಲಿ, ಕಿವಿ ಇದ್ದ ಕಾಲಕ್ಕೆ, ಕಲಿತ ಹಾಡು. ರಾಗ ಎಲ್ಲೆಲ್ಲಿಗೋ ಹೋಗುತ್ತಿತ್ತು. ಗುರುಮಲ್ಲಪ್ಪನೂ ಗೊತ್ತಿಲ್ಲದಿದ್ದರೂ ದನಿ ಕೂಡಿಸಿದ.

ಹತ್ತೊಂಬತ್ತು ಮೈಲಿ, ಒಂದು ಸಲವೂ ನಿಲ್ಲದೆ. ಹತ್ತು ಗಂಟೆಗೆ ಮುಂಚೆಯೇ ಕೆಂಪನಹುಂಡಿಯ ಅರಳಿಕಟ್ಟೆಯ ಮುಂದೆ ಇಳಿದಾಗ ಚಾಮಯ್ಯ ಓಡಿ ಬಂದ. "ಇಷ್ಟು ಬೇಗ್ನೆ ಬಂದ್ಬುಟ್ರಾ ಬುದ್ಧಿ!" ಎಂದವನು ಡಾಕ್ಟರ ಕೈಯನ್ನು ಬಿಡಲೇ ಇಲ್ಲ. ಅಂದು ಹೊತ್ತು ಮುಳುಗುವುದರೊಳಗೆ ನೂರನಲವತ್ತು ರಾಸುಗಳಿಗೂ ಚುಚ್ಚಿ ಮುಗಿಯಿತು. ಸ್ಟೌ ಉರಿಸಿ ಸೂಜಿ ಕುದಿಸಿ ಕೊಟ್ಟದ್ದು ಸವರಿಯಪ್ಪ. ಮುಂದಿನ ಹದಿನೈದು ದಿನಗಳಲ್ಲಿ ಆ ಊರಿನಲ್ಲಿ ಸತ್ತದ್ದು ಎರಡೇ ಕರು. ಸುತ್ತಲಿನ ಊರುಗಳಲ್ಲಿ ಕೊಟ್ಟಿಗೆಗಳೇ ಖಾಲಿಯಾಗಿದ್ದವು.

ಸೋಮವಾರ ದೊರೆಸ್ವಾಮಿ ಒಬ್ಬನೇ ಜಗಲಿಗೆ ಬಂದ. ಅವನ ಕಂಕುಳಲ್ಲಿ ಗೋಣಿಯ ಗಂಟೊಂದಿತ್ತು. ಬಿಚ್ಚಿದರೆ ನಾಲ್ಕು ಹಳೆಯ ಮ್ಯಾಗ್ನೆಟೊಗಳು. ಗ್ಯಾರೇಜಿನಲ್ಲಿ ಕೆಟ್ಟವೆಂದು ಮೂಲೆಗೆ ಎಸೆದಿದ್ದವು.

"ಇವನ್ನೂ ನೋಡಪ್ಪ," ಎಂದ. ಆಮೇಲೆ ಸ್ವಲ್ಪ ನಾಚಿಕೊಂಡು, ತನ್ನ ಅಂಗೈಯನ್ನು ತೆರೆದು ತೋರಿಸಿದ. "ಮತ್ತೆ... ಕೈಯಲ್ಲಿ ಕೇಳೋದು ಹೆಂಗೆ ಅಂತ ನಂಗೂ ಹೇಳ್ಕೊಡು."

ಸವರಿಯಪ್ಪ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡ. ಆ ನಾಲ್ಕರಲ್ಲಿ ಮೂರು ಒಂದು ತಿಂಗಳೊಳಗೆ ಎದ್ದು ಕೆಲಸಕ್ಕೆ ಹೋದವು.

ಕೆಲಸ ಹೆಚ್ಚಾದಾಗ ಜಗಲಿಗೆ ಬೋರ್ಡು ಹಾಕಿಸಬೇಕೆಂದು ದೊರೆಸ್ವಾಮಿಯೇ ಒತ್ತಾಯ ಮಾಡಿದ. ಬೋರ್ಡು ಬರೆಯುವ ರಾಮಯ್ಯ ಬಣ್ಣದ ಡಬ್ಬ ಹಿಡಿದು ಬಂದು, ಏನು ಬರೆಯಲಿ ಎಂದ. ಸವರಿಯಪ್ಪ ಮೊದಲು ತನ್ನ ಹೆಸರು ಹೇಳಿದ, ಆಮೇಲೆ ಹೆಂಡತಿಯದು. ರಾಮಯ್ಯ ಕುಂಚ ಎತ್ತಿ ಹಿಡಿದು ನಿಂತ. ರಿಪೇರಿ ಅಂಗಡಿಯ ಬೋರ್ಡಿನಲ್ಲಿ ಹೆಂಗಸಿನ ಹೆಸರನ್ನು ಅವನು ಈವರೆಗೆ ಬರೆದಿರಲಿಲ್ಲ. ಅಮಲಮೇರಿ ಒಳಗಿನಿಂದ ಬಂದು, "ನನ್ನ ಹೆಸರು ಯಾಕೆ, ಜನ ನಗ್ತಾರೆ," ಎಂದಳು.

"ಮೊದಲ್ನೇದು ನಾನು ಮಾಡ್ದೆ, ನಡೀಲಿಲ್ಲ. ಎರಡ್ನೇದು ನೀನು ಮಾಡ್ದೆ, ನಡೀತು," ಎಂದ ಸವರಿಯಪ್ಪ, ಬೀದಿಯ ತುದಿಗೂ ಕೇಳುವ ಹಾಗೆ. "ಬರೀರಿ ರಾಮಯ್ನೋರೆ."

ಜನ ನಕ್ಕದ್ದು ನಿಜ. ಒಂದು ವಾರ ನಕ್ಕರು. ಆಮೇಲೆ ಗಾಡಿ ತಂದು ನಿಲ್ಲಿಸಿದರು. ಮೂವತ್ತರ ದಶಕ ಮುಗಿಯುವವರೆಗೂ ಮೈಸೂರಿನಲ್ಲಿ ಓಡುತ್ತಿದ್ದ ಎಷ್ಟೋ ಮೋಟಾರ್ ಸೈಕಲ್ಲುಗಳ ಹೊಟ್ಟೆಯಲ್ಲಿ ಅಮಲಮೇರಿ ಕತ್ತರಿಸಿದ ಬೇಗಡೆ ಇತ್ತು. ಗುರುಮಲ್ಲಪ್ಪನ ಗಾಡಿ ಆ ಕಂಡೆನ್ಸರಿನ ಮೇಲೆಯೇ ಇನ್ನೂ ಆರು ವರ್ಷ ಹಳ್ಳಿ ಸುತ್ತಿತು. ಒಮ್ಮೆ ಕೊಡಗಿನ ತೋಟದ ಯಜಮಾನನೊಬ್ಬ ತನ್ನ ಕೆಟ್ಟ ಮ್ಯಾಗ್ನೆಟೊವನ್ನು ಮರದ ಪೆಟ್ಟಿಗೆಯಲ್ಲಿಟ್ಟು ಅಂಚೆಗೆ ಹಾಕಿದ. ಅವನಿಗೆ ಇವರ ಹೆಸರು ಗೊತ್ತಿರಲಿಲ್ಲ, ಬೀದಿಯೂ ಗೊತ್ತಿರಲಿಲ್ಲ. ಪೆಟ್ಟಿಗೆಯ ಮೇಲೆ ಬರೆದದ್ದು ಇಷ್ಟೇ: 'ಮ್ಯಾಗ್ನೆಟೊ ಗಂಡ ಹೆಂಡತಿಗೆ, ಮೈಸೂರು.' ಅಂಚೆಯವನು ಯಾರನ್ನೂ ಕೇಳದೆ, ನೇರವಾಗಿ ತಂದು ಅವರ ಜಗಲಿಯ ಮೇಲೆ ಇಳಿಸಿದ.